ಕಂಬ ಹತ್ತದ ಕಳ್ಳ

ಜೋಳದ ಪುಟ್ಟಿ ಹೊತ್ತು ಗಿರಣಿಗೆ ಹೋಗಿರುತ್ತೇವೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ.

“ಯಾಕಪ್ಪಾ, ಏನಾತು?”

“ಗಾಳಿಗೆ ತಂತಿ ಹರಿದಿರಬೇಕು ನೋಡವ್ವಾ. ಇಲ್ಲಾ ಟಿ.ಸಿ. ಸುಟ್ಟಿರಬೇಕು.”

ನಿಜ. ಹೆಚ್ಚಾಗಿ ಕಾರಣ ಇವೇ. ಆದರೆ ಈಗ ಇನ್ನೊಂದು ಭಯ ಸೇರಿದೆ. ದೂರದೇಶದಲ್ಲಿ ಕುಳಿತ ಕಳ್ಳನೂ ಕರೆಂಟ್ ತೆಗೆಯಬಲ್ಲ. ಅವನು ಕಂಬ ಹತ್ತುವುದಿಲ್ಲ. ತಂತಿ ಮುಟ್ಟುವುದಿಲ್ಲ.

ಅದು ಹೇಗೆ?

ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಾರೆ. ಶರಾವತಿಯಲ್ಲಿ ನೀರಿನಿಂದ ಮಾಡುತ್ತಾರೆ. ನಮ್ಮ ಕುಕನೂರು, ಯಲಬುರ್ಗಾ ಹೊಲಗಳಲ್ಲಿ ಗಾಳಿ ಫ್ಯಾನು ತಿರುಗುತ್ತವಲ್ಲ, ಅವೂ ಮಾಡುತ್ತವೆ. ಹತ್ತು ಹಳ್ಳ ಒಂದೇ ಕೆರೆಗೆ ಕೂಡಿದ ಹಾಗೆ ಎಲ್ಲವೂ ಒಂದೇ ತಂತಿ ಜಾಲಕ್ಕೆ ಕೂಡುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ದೊಡ್ಡ ಲೈನು ಶುರುವಾಯಿತು. ಅಂದಿನಿಂದ ದಕ್ಷಿಣದ ಜಾಲವೂ ದೇಶದ ಜಾಲಕ್ಕೆ ಸೇರಿತು.

ಈ ಜಾಲದಲ್ಲಿ ಖರ್ಚಾಗುವಷ್ಟು ಕರೆಂಟ್ ಆಗಿಂದಾಗಲೇ ತಯಾರಾಗಬೇಕು. ಹೆಚ್ಚೂಕಡಿಮೆ ಆದರೆ ತೊಂದರೆ. ಅದಕ್ಕೆ ಬೆಂಗಳೂರಿನ ಕಚೇರಿಯಲ್ಲಿ ಹಗಲೂ ರಾತ್ರಿ ಕಾಯುತ್ತಾರೆ. ದೂರದ ಸ್ಟೇಷನ್ನಿನ ಸ್ವಿಚ್ಚನ್ನು ಈಗ ಕಂಪ್ಯೂಟರಿನಿಂದಲೇ ಹಾಕಬಹುದು, ತೆಗೆಯಬಹುದು. ಬಹಳ ಅನುಕೂಲ. ಆದರೆ ಆ ಕಂಪ್ಯೂಟರಿನೊಳಗೆ ಕಳ್ಳ ಹೊಕ್ಕರೆ?

ಹಾಗೆ ನಡೆದದ್ದೂ ಉಂಟು. ಯುಕ್ರೇನ್ ಎಂಬ ದೇಶ. ಅಲ್ಲಿ ಕರೆಂಟ್ ಕಂಪನಿಯ ನೌಕರರಿಗೆ ಕಂಪ್ಯೂಟರಿನಲ್ಲಿ ಒಂದು ಕಾಗದ ಬಂತು. ಖರೇ ಕಾಗದ ಎಂದು ನಂಬಿ ತೆರೆದರು. ಕಳ್ಳರು ಅದರ ಜೊತೆಗೇ ಒಳಗೆ ಬಂದರು. ತಿಂಗಳುಗಟ್ಟಲೆ ಸುಮ್ಮನಿದ್ದರು. ಗುಟ್ಟಿನ ಪದ ಕದ್ದರು. 2015ರ ಡಿಸೆಂಬರ್ 23. ಚಳಿಗಾಲ. ನೌಕರರ ಕಣ್ಣೆದುರೇ ಪರದೆಯ ಮೇಲಿನ ಬಾಣ ತಾನೇ ಓಡಾಡಿತು. ಒಂದೊಂದೇ ಸ್ವಿಚ್ಚು ತೆಗೆಯಿತು. ಸುಮಾರು 2 ಲಕ್ಷ 25 ಸಾವಿರ ಗ್ರಾಹಕರಿಗೆ ಕತ್ತಲೆ! ದೂರು ಹೇಳಲು ಫೋನೂ ಸಿಗಲಿಲ್ಲ. ಕಳ್ಳರು ಸುಳ್ಳು ಕರೆ ತುಂಬಿಸಿಟ್ಟಿದ್ದರು.

ಕೊನೆಗೆ ಉಳಿಸಿದ್ದು ಮನುಷ್ಯರ ಕೈ. ನೌಕರರು ಸ್ಟೇಷನ್ನುಗಳಿಗೆ ಓಡಿದರು. ಕೈಯಿಂದಲೇ ಸ್ವಿಚ್ಚು ಹಾಕಿದರು. ಕೆಲವು ಗಂಟೆಗಳಲ್ಲಿ ಕರೆಂಟ್ ಬಂತು. ಎಷ್ಟೇ ಕಂಪ್ಯೂಟರ್ ಬರಲಿ, ಕೈಯಿಂದ ಮಾಡುವ ಕೆಲಸ ಬಲ್ಲವರು ಇರಲೇಬೇಕು.

ನಮ್ಮ ದೇಶದಲ್ಲೂ 2019ರಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಕಚೇರಿ ಕಂಪ್ಯೂಟರಿಗೆ ಕಳ್ಳರು ಹೊಕ್ಕಿದ್ದರು. ಯಂತ್ರ ನಡೆಸುವ ಕಂಪ್ಯೂಟರುಗಳನ್ನು ಬೇರೆಯೇ ಇಟ್ಟಿದ್ದರು. ಅವುಗಳಿಗೆ ಏನೂ ಆಗಲಿಲ್ಲ.

“ಅದೆಲ್ಲಾ ದೊಡ್ಡವರ ಮಾತು. ನಮಗೇನ್ ಬಿಡವ್ವಾ” ಅನ್ನಬೇಡಿ. ನಮ್ಮ ಫೋನಿಗೂ ಅಂಥದೇ ಕಾಗದ ಬರುತ್ತದೆ. “ಬಿಲ್ ತುಂಬಿಲ್ಲ. ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್. ಈ ನಂಬರಿಗೆ ಫೋನ್ ಮಾಡಿ.” ಹೆದರಿ ಫೋನ್ ಮಾಡಿದರೆ ಓಟಿಪಿ ಕೇಳುತ್ತಾರೆ. ಹೇಳಿದಿರೋ, ಬ್ಯಾಂಕಿನ ದುಡ್ಡು ಹೋಯಿತು!

ಈಗ ನಿಮಗೆ ಓದಲು ಬರುತ್ತದೆ. ಮೆಸೇಜನ್ನು ನೀವೇ ನಿಧಾನವಾಗಿ ಓದಿ. ಓಟಿಪಿ ಯಾರಿಗೂ ಹೇಳಬೇಡಿ. ಅನುಮಾನ ಬಂದರೆ ಜೆಸ್ಕಾಂ ಕಚೇರಿಯಲ್ಲಿ ಕೇಳಿ, ಇಲ್ಲವೇ 1912ಕ್ಕೆ ಫೋನ್ ಮಾಡಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ನಾಳೆ ನೋಡೋಣ ಅನ್ನಬೇಡಿ, ಆಗಲೇ 1930ಕ್ಕೆ ಮಾಡಿ.