ದುಡಿದ ಗಂಟೆಗೆ ಲೆಕ್ಕ ಎಲ್ಲಿ?

2020ರ ಡಿಸೆಂಬರ್ 12ರ ಬೆಳಿಗ್ಗೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ಕಾರ್ಖಾನೆಯಲ್ಲಿ ಪಾಳಿ ಬದಲಾಗುವ ಹೊತ್ತು. ಮನೆಗೆ ಹೊರಡಬೇಕಿದ್ದವರು ಗಾಜು ಒಡೆದರು, ವಾಹನ ಉರುಳಿಸಿದರು. ಪೊಲೀಸರು ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ್ದ ಯುವಕ ಯುವತಿಯರು.

ಆಸ್ತಿ ಹಾಳುಮಾಡಿದ್ದನ್ನು ಯಾರೂ ಒಪ್ಪಲಾರರು. ಆದರೆ ಅಲ್ಲಿಯವರೆಗೆ ನಡೆದದ್ದೇನು? ಎಂಟು ಗಂಟೆಯ ಪಾಳಿ ಅಕ್ಟೋಬರಿನಿಂದ ಹನ್ನೆರಡು ಗಂಟೆಯದಾಗಿತ್ತು. ಹಾಜರಿಯ ಲೆಕ್ಕ ತಪ್ಪುತ್ತಿತ್ತು. ಇಪ್ಪತ್ತೊಂದು ಸಾವಿರ ಎಂದು ಸೇರಿದ ಎಂಜಿನಿಯರಿಂಗ್ ಪದವೀಧರರ ಕೈಗೆ ಹದಿನಾರು ಸಾವಿರ, ಆಮೇಲೆ ಹನ್ನೆರಡು ಸಾವಿರ ಬಂದಿತೆಂದು ಪತ್ರಿಕೆಗಳು ಆಗ ಬರೆದವು. ಕೆಲಸದ ಗಂಟೆಗಳನ್ನು ಸರಿಯಾಗಿ ನಿರ್ವಹಿಸದ್ದರಿಂದ ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾಯಿತೆಂದು ಆಪಲ್ ಕಂಪನಿಯೇ ಹೇಳಿತು.

ಕಾನೂನು ಇರಲಿಲ್ಲವೆ? ಇತ್ತು. ವಾರಕ್ಕೆ 48 ಗಂಟೆ ಮೀರಿ ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದರೂ ಓಟಿಗೆ ದುಪ್ಪಟ್ಟು ದರ ಉಳಿದಿದೆ. ಓಟಿ ಮಾಡಿಸಲು ಕಾರ್ಮಿಕರ ಒಪ್ಪಿಗೆ ಬೇಕೆಂಬ ಮಾತೂ ಸೇರಿದೆ.

ದುಪ್ಪಟ್ಟು ಎಂದರೆ ಎಷ್ಟು? ಲೆಕ್ಕಕ್ಕೆಂದು ತಿಂಗಳ ಕೂಲಿ 15,600 ರೂಪಾಯಿ ಎಂದುಕೊಳ್ಳೋಣ. 26 ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 208 ಗಂಟೆ. ಗಂಟೆಗೆ 75 ರೂಪಾಯಿ, ಓಟಿಗೆ 150. ಊಟದ ಬಿಡುವು ಬಿಟ್ಟು ದಿನಾ ನಾಲ್ಕು ಗಂಟೆ ಹೆಚ್ಚು ದುಡಿದರೆ ತಿಂಗಳಿಗೆ 104 ಗಂಟೆ. ಅದರ ಕೂಲಿ ಮತ್ತೆ 15,600 ರೂಪಾಯಿ! ದಿನಕ್ಕೆ ನಾಲ್ಕು ಗಂಟೆ ಬರೆಯದೆ ಬಿಟ್ಟರೆ ಇಡೀ ಒಂದು ಸಂಬಳವೇ ಮಾಯ. ‘ಇರಲಿ ಬಿಡು, ಕೆಲಸ ಸಿಕ್ಕಿದ್ದೇ ಹೆಚ್ಚು’ ಎನ್ನುವ ಮನೆಗಳಲ್ಲಿ ಈ ಗುಣಾಕಾರವನ್ನು ಒಮ್ಮೆಯಾದರೂ ಮಾಡಿ ನೋಡಬೇಕು.

ಕ್ಯಾಂಪಸ್ಸಿಗೆ ಬಂದವರು ಸಂಬಳದ ಮೊತ್ತ ಹೇಳಿದಾಗ ಅದು ಎಷ್ಟು ಗಂಟೆಗೆ ಎಂದು ಕೇಳುವವರು ಕಡಿಮೆ. ಕೆಲಸ ಯಾವ ಹೆಸರಿನದು ಎಂಬುದನ್ನಂತೂ ಮೊದಲೇ ತಿಳಿಯಬೇಕು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಸಿಗುವುದು ಸ್ಟೈಪೆಂಡ್. ವೇತನ ಸಂಹಿತೆ ಅವರನ್ನು ಉದ್ಯೋಗಿ ಎಂದು ಎಣಿಸುವುದಿಲ್ಲ. ಆ ಕಾಯ್ದೆಯ ಕರಾರಿಲ್ಲದೆ ಬರೀ ‘ಟ್ರೈನಿ’ ಎಂದು ಕರೆದು ಪೂರ್ತಿ ಕೆಲಸ ಮಾಡಿಸುವುದು ಬೇರೆ ಮಾತು. ಗುತ್ತಿಗೆಯವರಾದರೆ ‘ಏಜೆನ್ಸಿಯನ್ನು ಕೇಳಿ’ ಎಂಬ ಉತ್ತರ ಸಿಗುವುದು ಮಾಮೂಲು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಹೊಣೆ.

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವರಿಗೂ, ಬಿಡಿಸಲ್ಪಟ್ಟವರಿಗೂ ಎರಡು ಕೆಲಸದ ದಿನಗಳಲ್ಲಿ ಬಾಕಿ ಚುಕ್ತಾ ಆಗಬೇಕು. ಕಡಿತಗಳೆಲ್ಲ ಸೇರಿ ಅರ್ಧ ಸಂಬಳ ಮೀರುವಂತಿಲ್ಲ. ಸಂಬಳದ ಚೀಟಿ ಕೊಡುವುದು ಕಡ್ಡಾಯ.

ಆ ಚೀಟಿಯನ್ನು ಬಿಸಾಡಬಾರದು. ಜೊತೆಗೆ ಒಂದು ಸಣ್ಣ ಪುಸ್ತಕದಲ್ಲಿ ದಿನವೂ ಒಳಹೋದ ಹೊತ್ತು, ಹೊರಬಂದ ಹೊತ್ತು ಬರೆದಿಟ್ಟುಕೊಂಡರೆ ಮುಂದೆ ತಕರಾರು ಬಂದಾಗ ಗಂಟೆಗಳ ಲೆಕ್ಕ ಹೇಳಲು ಅದೇ ಆಧಾರ. ಬಾಕಿ ಕೇಳಿ ಅರ್ಜಿ ಹಾಕಲು ಮೂರು ವರ್ಷ ಅವಕಾಶವಿದೆ. ಉದ್ಯೋಗಿಯೇ ಹಾಕಬಹುದು, ಕಾರ್ಮಿಕ ಸಂಘವೂ ಹಾಕಬಹುದು. ಕೂಲಿ ಬಂದಿಲ್ಲವೆಂದು ಅರ್ಜಿ ಹಾಕಿದರೆ, ಕೊಟ್ಟಿದ್ದೇವೆಂದು ರುಜುವಾತುಪಡಿಸುವ ಹೊರೆ ಮಾಲೀಕನದು. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರಿಗೆ ಇದನ್ನು ಹೇಳಿಕೊಡುವ ತರಗತಿ ಯಾವ ಕಾಲೇಜಿನಲ್ಲೂ ಸುಲಭಕ್ಕೆ ಕಾಣಸಿಗದು.

ನರಸಾಪುರದ ಕಂಪನಿ ಗಲಾಟೆಯಾಗಿ ಒಂದು ವಾರದಲ್ಲಿ ಕಾರ್ಮಿಕರ ಕ್ಷಮೆ ಕೇಳಿತು, ಉಪಾಧ್ಯಕ್ಷರೊಬ್ಬರನ್ನು ಹುದ್ದೆಯಿಂದ ತೆಗೆಯಿತು. ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಗೆ ಹೋಯಿತು.