ಡೀಸೆಲ್ ಕಾರಿಗೆ ಯಾವ ಎಂಜಿನ್ ಆಯಿಲ್?



ಈಗ ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ಮುಂದೆ ಟ್ರ್ಯಾಕ್ಟರಿನ ಪಕ್ಕದಲ್ಲಿ ಒಂದು ಡೀಸೆಲ್ ಕಾರೋ ಜೀಪೋ ನಿಂತಿರುತ್ತದೆ. ಸಂತೆಗೆ, ಆಸ್ಪತ್ರೆಗೆ, ನೆಂಟರಿಷ್ಟರ ಮನೆಗೆ ಅದೇ ಆಧಾರ. ಟ್ರ್ಯಾಕ್ಟರಿಗೆಂದು ತಂದ ಆಯಿಲ್ ಡಬ್ಬಿಯಲ್ಲಿ ಎರಡು ಲೀಟರ್ ಉಳಿದಿದ್ದರೆ ಅದನ್ನೇ ಕಾರಿಗೂ ಸುರಿಯುವ ರೂಢಿ ಕೆಲವರಲ್ಲುಂಟು. ‘ಎರಡೂ ಡೀಸೆಲ್ ಗಾಡಿ ತಾನೆ, ಎಣ್ಣೆಯೂ ಒಂದೇ ತಾನೆ’ ಎಂಬುದು ಅವರ ಲೆಕ್ಕ. ಹಳೆಯ ಜೀಪಿನಲ್ಲಿ ಈ ಲೆಕ್ಕ ನಡೆದುಹೋಗುತ್ತಿತ್ತು. ಹೊಸ ಕಾರಿನಲ್ಲಿ ಇದರಿಂದ ಆಗುವ ನಷ್ಟ ಒಂದು ಬೆಳೆಯ ಆದಾಯವನ್ನೇ ನುಂಗಬಹುದು. ಆದುದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿ ತಿಳಿದುಕೊಳ್ಳುವುದು ಅವಶ್ಯಕ.

ಎಣ್ಣೆ ಮಾಡುವ ಕೆಲಸ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ಏನಾಗುವುದೆಂದು ನಿಮಗೆ ಹೇಳಬೇಕಾಗಿಲ್ಲ. ಎಂಜಿನ್ನಿನೊಳಗೂ ಎಣ್ಣೆಯ ಮೊದಲ ಕೆಲಸ ಅದೇ. ಒಂದಕ್ಕೊಂದು ಉಜ್ಜುವ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುವುದು. ಇದಲ್ಲದೆ ಅದು ಶಾಖವನ್ನು ಹೊತ್ತೊಯ್ಯುತ್ತದೆ, ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡು ಒಂದೆಡೆ ಗಟ್ಟಿಯಾಗಿ ಕೂರದಂತೆ ನೋಡಿಕೊಳ್ಳುತ್ತದೆ. ಡೀಸೆಲ್ ಗಾಡಿಯ ಎಣ್ಣೆ ಬೇಗ ಕಪ್ಪಾಗುವುದು ಇದರಿಂದಲೇ. ಕಪ್ಪಾದ ಮಾತ್ರಕ್ಕೆ ಎಣ್ಣೆ ಕೆಟ್ಟಿತೆಂದು ತಿಳಿಯಬಾರದು.

ಡಬ್ಬಿಯ ಮೇಲಿನ ಅಂಕಿಗಳು

ಡಬ್ಬಿಯ ಮೇಲೆ ಎಸ್.ಎ.ಇ. ಎಂಬ ಮೂರು ಅಕ್ಷರಗಳೂ, ಅವುಗಳ ಮುಂದೆ 15ಡಬ್ಲ್ಯು-40 ಅಥವಾ 5ಡಬ್ಲ್ಯು-30 ಎಂಬಂತಹ ಅಂಕಿಗಳೂ ಇರುತ್ತವೆ. ಎಸ್.ಎ.ಇ. ಎಂಬುದು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ. ಎಣ್ಣೆಗಳನ್ನು ಮಂದ, ತೆಳು ಎಂದು ವಿಂಗಡಿಸುವ ಕ್ರಮವನ್ನು ಅದು 1911ರಲ್ಲಿ ಆರಂಭಿಸಿತು.

ಆಲೆಮನೆಯಲ್ಲಿ ಒಲೆಯ ಮೇಲಿನ ಪಾಕ ನೀರಿನಂತೆ ಹರಿಯುತ್ತದೆ. ಆರಿದ ಮೇಲೆ ಅದೇ ಪಾಕ ಮಂದವಾಗುತ್ತದೆ. ಎಣ್ಣೆಯ ಗುಣವೂ ಹೀಗೆಯೇ. ಸಾಮಾನ್ಯವಾದ 15ಡಬ್ಲ್ಯು-40 ಎಣ್ಣೆ 100 ಡಿಗ್ರಿ ಶಾಖದಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಏಳೆಂಟು ಪಟ್ಟು ಮಂದವಾಗಿರುತ್ತದೆ. ಆದ್ದರಿಂದಲೇ ಎರಡು ಅಂಕಿಗಳು ಬೇಕಾದವು. ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಅಕ್ಷರ. ಅದರ ಹಿಂದಿನ ಅಂಕಿ ತಣ್ಣಗಿರುವಾಗ ಎಣ್ಣೆ ಹೇಗೆ ಹರಿಯುವುದೆಂದು ತಿಳಿಸುತ್ತದೆ; ಅಂಕಿ ಚಿಕ್ಕದಾದಷ್ಟೂ ಬೇಗ ಹರಿಯುತ್ತದೆ. ಕೊನೆಯ ಅಂಕಿ ಎಂಜಿನ್ ಕಾದಾಗ ಎಣ್ಣೆ ಎಷ್ಟು ಮಂದವಾಗಿ ಉಳಿಯುವುದೆಂಬುದನ್ನು ತಿಳಿಸುತ್ತದೆ. 30ಕ್ಕಿಂತ 40, 40ಕ್ಕಿಂತ 50 ಮಂದ.

ಮಂದವಾದಷ್ಟೂ ಒಳ್ಳೆಯದೇ?

‘ನಮ್ಮದು ಬಿಸಿಲಿನ ನಾಡು, ಮಂದ ಎಣ್ಣೆಯೇ ಗಟ್ಟಿ’ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಹೊರಗೆ ರಾಯಚೂರಿನ ಬೇಸಗೆ ಇರಲಿ, ಮಡಿಕೇರಿಯ ಚಳಿ ಇರಲಿ, ಓಡುವ ಎಂಜಿನ್ನಿನ ನೀರನ್ನು ಅದರ ಥರ್ಮೋಸ್ಟಾಟ್ ಸುಮಾರು 90 ಡಿಗ್ರಿಯ ಆಸುಪಾಸಿನಲ್ಲಿಯೇ ಇಡುತ್ತದೆ. ಎಣ್ಣೆಯ ಮಂದವನ್ನು ಕಾರು ತಯಾರಿಸಿದವರು ಈ ಶಾಖಕ್ಕೂ, ಬೇರಿಂಗಿನ ಸಂದಿಗೂ ಹೊಂದಿಸಿ ನಿಗದಿ ಮಾಡಿರುತ್ತಾರೆ. ಹೊಸ ಎಂಜಿನ್ನುಗಳಲ್ಲಿ ಈ ಸಂದಿ ಬಹಳ ಸಣ್ಣದು. ಟರ್ಬೋ ಎಂಬ ಭಾಗವಂತೂ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ. ಬೆಳಗ್ಗೆ ಎಂಜಿನ್ ಚಾಲೂ ಮಾಡಿದಾಗ ಅಗತ್ಯಕ್ಕಿಂತ ಮಂದವಾದ ಎಣ್ಣೆ ಅಲ್ಲಿಗೆ ಮುಟ್ಟುವುದು ತಡವಾದರೆ ಅಷ್ಟು ಹೊತ್ತು ಲೋಹಕ್ಕೆ ಲೋಹ ಉಜ್ಜುತ್ತದೆ. ಡೀಸೆಲ್ ಖರ್ಚೂ ಹೆಚ್ಚುತ್ತದೆ. ಇನ್ನು ಅಗತ್ಯಕ್ಕಿಂತ ತೆಳುವಾದರೆ, ಭಾರ ಎಳೆಯುವಾಗ ಎಣ್ಣೆಯ ಪದರ ಹರಿದು ಬೇರಿಂಗು ಸವೆಯುತ್ತದೆ.

ಹಳೆಯ ಡೀಸೆಲ್ ಜೀಪುಗಳಿಗೂ ಟ್ರ್ಯಾಕ್ಟರುಗಳಿಗೂ ಬಹುಮಟ್ಟಿಗೆ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಎಂದು ಹೇಳಿರುತ್ತಾರೆ. ಹೊಸ ಡೀಸೆಲ್ ಕಾರುಗಳಲ್ಲಿ ಹಲವಕ್ಕೆ 5ಡಬ್ಲ್ಯು-30. ನಿಮ್ಮ ಗಾಡಿಯದು ಯಾವುದೆಂದು ಅದರೊಡನೆ ಬಂದ ಪುಸ್ತಕವನ್ನು ನೋಡಿಯೇ ನಿರ್ಧರಿಸಬೇಕು. ಕೆಲವು ಪುಸ್ತಕಗಳಲ್ಲಿ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿರುವುದನ್ನು ಆರಿಸಿಕೊಳ್ಳಬಹುದು. ಅದರಲ್ಲಿ ಇಲ್ಲದ್ದನ್ನು ಹಾಕಕೂಡದು.

ಡಬ್ಬಿಯ ಮೇಲಿನ ಅಕ್ಷರಗಳು

ಅಂಕಿ ಸರಿಹೋದರೆ ಅರ್ಧ ಕೆಲಸವಾಯಿತು. ಉಳಿದರ್ಧ ಎಣ್ಣೆಯ ದರ್ಜೆಯದು. ಎ.ಪಿ.ಐ. ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆಗಳಲ್ಲಿ ‘ಎಸ್’ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಗಾಡಿಗೆ, ‘ಸಿ’ ಅಕ್ಷರದ್ದು ಡೀಸೆಲ್ ಗಾಡಿಗೆ. ಸಿ.ಎಚ್.-4, ಸಿ.ಐ.-4, ಸಿ.ಜೆ.-4, ಸಿ.ಕೆ.-4 ಎಂಬ ಕ್ರಮದಲ್ಲಿ ಎರಡನೆಯ ಅಕ್ಷರ ಮುಂದೆ ಹೋದಂತೆ ದರ್ಜೆ ಹೊಸದು. ಕಾರುಗಳ ಪುಸ್ತಕದಲ್ಲಿ ಎ.ಸಿ.ಇ.ಎ. ಎಂಬ ಯುರೋಪಿನ ದರ್ಜೆಯೂ ಇರಬಹುದು. ಅದನ್ನು ಸಿ2, ಸಿ3 ಎಂದು ಬರೆಯುತ್ತಾರೆ. ಇವೆರಡೂ ಬೇರೆ ಬೇರೆ ಸಂಸ್ಥೆಗಳ ಗುರುತುಗಳು. ಸಿ3ಕ್ಕಿಂತ ಸಿ.ಐ.-4 ದೊಡ್ಡದೆಂದು ಅಂಕಿ ನೋಡಿ ಲೆಕ್ಕ ಹಾಕಬಾರದು.

ಹೊಸ ಕಾರಿನ ಮಸಿ ಫಿಲ್ಟರು

ದೇಶದಲ್ಲೆಲ್ಲ 1-4-2020ರಿಂದ ಬಿ.ಎಸ್.-6 ಹೊಗೆ ನಿಯಮ ಜಾರಿಗೆ ಬಂದಿದೆ. ಈ ನಿಯಮದ ಡೀಸೆಲ್ ಕಾರುಗಳ ಹೊಗೆ ಕೊಳವೆಯ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರು ಇರುತ್ತದೆ. ಇದಕ್ಕೆ ಡಿ.ಪಿ.ಎಫ್. ಎನ್ನುವರು. ಅದರಲ್ಲಿ ಮಸಿ ತುಂಬಿದಾಗ ಎಂಜಿನ್ ತಾನಾಗಿಯೇ ಶಾಖವನ್ನು ಸುಮಾರು 600 ಡಿಗ್ರಿಯವರೆಗೆ ಏರಿಸಿ ಅದನ್ನು ಸುಟ್ಟುಬಿಡುತ್ತದೆ.

ಆದರೆ ಎಣ್ಣೆಯಲ್ಲಿ ಬೆರೆಸಿರುವ ಸುಣ್ಣದ ಅಂಶ, ಸತು ಮುಂತಾದುವು ಉರಿದಾಗ ಬೂದಿಯಾಗುತ್ತವೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲಿಯೇ ಉಳಿದು ಕಟ್ಟಿಕೊಳ್ಳುತ್ತದೆ. ಟ್ರ್ಯಾಕ್ಟರಿಗೆಂದು ತಂದ ಹಳೆಯ ದರ್ಜೆಯ ಎಣ್ಣೆಯಲ್ಲಿ ಬೂದಿಯ ಅಂಶ ಹೆಚ್ಚು. ಅದನ್ನು ಇಂತಹ ಕಾರಿಗೆ ಹಾಕುತ್ತ ಬಂದರೆ ಫಿಲ್ಟರು ಬೇಗ ಕಟ್ಟಿ ಎಳೆತ ಕುಗ್ಗುತ್ತದೆ. ಕಡೆಗೆ ದುಬಾರಿಯಾದ ಆ ಫಿಲ್ಟರನ್ನೇ ಬದಲಿಸಬೇಕಾಗುತ್ತದೆ. ಆದುದರಿಂದ ಬೂದಿ ಕಡಿಮೆಯಿರುವ, ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಬೇಕು.

ಹಳ್ಳಿಯ ಕಾರುಗಳಿಗೆ ಇನ್ನೊಂದು ತೊಂದರೆಯುಂಟು. ದಿನವೂ ಎರಡು ಮೂರು ಮೈಲಿ ಓಡಿಸಿ ನಿಲ್ಲಿಸಿದರೆ ಮಸಿ ಸುಡುವ ಕೆಲಸ ನಡುವೆಯೇ ನಿಲ್ಲುತ್ತದೆ. ಆಗ ಅದಕ್ಕಾಗಿ ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಹಲವು ಕಾರುಗಳಲ್ಲಿ ಸಿಲಿಂಡರಿನ ಗೋಡೆಯಗುಂಟ ಇಳಿದು ಎಣ್ಣೆಗೆ ಸೇರುತ್ತದೆ. ಎಣ್ಣೆಯ ಮಟ್ಟ ಏರುತ್ತದೆ, ಎಣ್ಣೆ ತೆಳುವಾಗುತ್ತದೆ. ಫಿಲ್ಟರಿನ ದೀಪ ಹೊತ್ತಿಕೊಂಡರೆ ಪುಸ್ತಕದಲ್ಲಿ ಹೇಳಿದಂತೆ ದೊಡ್ಡ ರಸ್ತೆಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಬೇಕು. ಎಣ್ಣೆಯ ಮಟ್ಟ ಮೇಲಿನ ಗುರುತನ್ನು ಮೀರಿದ್ದರೆ ಓಡಿಸದೆ ಮೆಕ್ಯಾನಿಕ್ಕಿಗೆ ತೋರಿಸಿ ಎಣ್ಣೆ ಬದಲಿಸಬೇಕು.

ಅಳತೆ ನೋಡುವ ಕ್ರಮ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ಹತ್ತು ನಿಮಿಷ ಬಿಡಿ. ಅಳತೆ ಕಡ್ಡಿಯನ್ನು ತೆಗೆದು ಶುಭ್ರವಾದ ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದು ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ವಾರಕ್ಕೊಮ್ಮೆ ಹೀಗೆ ನೋಡುವುದು ಉತ್ತಮ. ಓಡುತ್ತಿರುವಾಗ ಎಣ್ಣೆಯ ಕೆಂಪು ದೀಪ ಹೊತ್ತಿದರೆ ‘ಊರು ಹತ್ತಿರವಿದೆ’ ಎಂದು ಮುಂದೆ ಹೋಗಬಾರದು. ಅಲ್ಲಿಯೇ ಎಂಜಿನ್ ನಿಲ್ಲಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಪುಸ್ತಕದಲ್ಲಿರುವ ಗ್ರೇಡು, ದರ್ಜೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲಿಡಿ. ಅಂಗಡಿಯಲ್ಲಿ ಆ ಚೀಟಿಯನ್ನು ತೋರಿಸಿ ಕೊಳ್ಳಿ.

2. ಬಿಡಿಯಾಗಿ ಅಳೆದು ಮಾರುವ ಎಣ್ಣೆಯನ್ನು ಕೊಳ್ಳಬೇಡಿ. ಮೊಹರು ಒಡೆಯದ ಡಬ್ಬಿಯನ್ನೇ ಕೊಂಡು ರಸೀದಿ ಪಡೆಯಿರಿ. ಬರಿದಾದ ಡಬ್ಬಿಗೆ ತೂತು ಹಾಕಿಬಿಡಿ. ಕಲಬೆರಕೆ ಮಾಡುವವರ ಕೈಗೆ ಅದು ಸಿಗಬಾರದು.

3. ಟ್ರ್ಯಾಕ್ಟರಿನ ಡಬ್ಬಿ, ಕಾರಿನ ಡಬ್ಬಿ ಬೇರೆ ಬೇರೆ ಇಟ್ಟು ಹೆಸರು ಬರೆಯಿರಿ.

4. ಹೇಳಿದ ಅವಧಿಗೆ ಎಣ್ಣೆ ಬದಲಿಸಿ. ಆಯಿಲ್ ಫಿಲ್ಟರನ್ನೂ ಜೊತೆಗೇ ಬದಲಿಸಿ. ಧೂಳಿನ ದಾರಿಯಲ್ಲಿ, ಸಣ್ಣ ಸಣ್ಣ ಓಡಾಟದಲ್ಲಿಯೇ ನಡೆಯುವ ಕಾರಿಗೆ ಪುಸ್ತಕದಲ್ಲಿ ಕಡಿಮೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ.

5. ಇಳಿಸಿದ ಹಳೆಯ ಎಣ್ಣೆಯನ್ನು ಹೊಲದ ಬದುವಿಗಾಗಲಿ ಬಾವಿಯ ಬಳಿಗಾಗಲಿ ಚೆಲ್ಲಬೇಡಿ. ಅದು ಮಣ್ಣನ್ನೂ ಕುಡಿಯುವ ನೀರನ್ನೂ ಕೆಡಿಸುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆ ಪಡೆಯುವ ಸರ್ವೀಸ್ ಸ್ಟೇಷನ್ನಿಗೆ ಕೊಡಿ. ಕೈಗೆ ಮೆತ್ತಿದ್ದನ್ನು ಸಾಬೂನಿನಿಂದ ತೊಳೆದುಕೊಳ್ಳಿ.

ಬಿತ್ತನೆಗೆ ಮುಂಚೆ ಬೀಜದ ಚೀಲದ ಚೀಟಿಯನ್ನು ಓದುವ ರೈತರು ಎಣ್ಣೆಯ ಡಬ್ಬಿಯನ್ನೂ ಅಷ್ಟೇ ಎಚ್ಚರಿಕೆಯಿಂದ ಓದಿದರೆ ಮನೆಯ ಮುಂದಿನ ಕಾರು ಬಹುಕಾಲ ಬಾಳುವುದು.