ಕಾರಿನ ಹೆಡ್‌ಲೈಟುಗಳ ಸಡಿಲಗೊಂಡ ರಬ್ಬರ್ ಸೀಲುಗಳು: ಮರುಜೋಡಣೆ ಮತ್ತು ಬದಲಾವಣೆ

ಪೀಠಿಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು, 16ನೆಯ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕನು ಕಟ್ಟಿಸಿದ ಪುಷ್ಕರಣಿಯಿಂದ ಪ್ರಸಿದ್ಧವಾದ ಊರು. ಅಡಿಕೆ ತೋಟಗಳು, ಕೆರೆಗಳು ಮತ್ತು ಭದ್ರಾ ನಾಲೆಯ ನೀರಾವರಿ ಇರುವ ಚನ್ನಗಿರಿ, ಹೊನ್ನಾಳಿ ಭಾಗಗಳಲ್ಲಿ ಮಳೆಗಾಲ ಹಾಗೂ ಚಳಿಗಾಲದ ರಾತ್ರಿಗಳಲ್ಲಿ ಗಾಳಿಯು ತೇವದಿಂದ ಕೂಡಿರುತ್ತದೆ. ಮಳೆ ಕಡಿಮೆಯಿರುವ ಜಗಳೂರು ಭಾಗದಲ್ಲಿ ಬಿಸಿಲು ಮತ್ತು ಧೂಳು ಹೆಚ್ಚು. ತೇವ, ಬಿಸಿಲು, ಧೂಳು ಈ ಮೂರೂ ವಾಹನದ ರಬ್ಬರ್ ಭಾಗಗಳಿಗೆ ಹಾನಿಕರ.

ಹೆಡ್‌ಲೈಟಿನ ರಬ್ಬರ್ ಸೀಲು ಅಲ್ಪ ಬೆಲೆಯ ವಸ್ತು. ಆದರೆ ಅದು ಸಡಿಲಗೊಂಡಲ್ಲಿ ದೀಪದೊಳಗೆ ನೀರು ಮತ್ತು ಧೂಳು ಸೇರಿ, ಬೆಳಕು ದಿನೇ ದಿನೇ ಕುಂದುತ್ತದೆ. ಈ ಕುಂದುವಿಕೆ ನಿಧಾನವಾಗಿ ಆಗುವುದರಿಂದ ಚಾಲಕರ ಅರಿವಿಗೆ ಬರುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಚಾಲಕರು ಅಪಾಯವನ್ನು ಗುರುತಿಸಿ ಬ್ರೇಕ್ ಒತ್ತಿ ಕಾರು ಪೂರ್ಣವಾಗಿ ನಿಲ್ಲುವಷ್ಟರಲ್ಲಿ, ಒಣ ಡಾಂಬರು ರಸ್ತೆಯಲ್ಲಿಯೂ 45ರಿಂದ 50 ಮೀಟರ್ ಸಾಗಿರುತ್ತದೆ. ಬೀದಿದೀಪಗಳಿಲ್ಲದ ಗ್ರಾಮೀಣ ರಸ್ತೆಯಲ್ಲಿ ನಡೆದು ಹೋಗುವವರು, ಜಾನುವಾರುಗಳು ಅಥವಾ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಅಷ್ಟು ದೂರದಿಂದ ಕಾಣದಿದ್ದಲ್ಲಿ ಅಪಘಾತವನ್ನು ತಪ್ಪಿಸಲು ಸಾಧ್ಯವಾಗದು. ಆದ್ದರಿಂದ ವಾಹನ ಮಾಲೀಕರ ಹಾಗೂ ಚಾಲಕರ ತಿಳಿವಳಿಕೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಕಾನೂನಿನ ಅವಕಾಶಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 105ರ ಪ್ರಕಾರ, ಸೂರ್ಯಾಸ್ತದ ಅರ್ಧ ಗಂಟೆಯ ನಂತರ ಹಾಗೂ ಬೆಳಕು ಸಾಲದ ಯಾವುದೇ ವೇಳೆಯಲ್ಲಿ, 155 ಮೀಟರ್ ಮುಂದಿರುವ ವ್ಯಕ್ತಿಗಳು ಮತ್ತು ವಾಹನಗಳು ಸ್ಪಷ್ಟವಾಗಿ ಕಾಣುವಂತೆ ವಾಹನದ ದೀಪಗಳು ಬೆಳಗುತ್ತಿರತಕ್ಕದ್ದು. ಎದುರಿನಿಂದ ಬರುವವರ ಕಣ್ಣು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕೆಂದು ನಿಯಮ 106 ವಿಧಿಸುತ್ತದೆ. ಅಪಾಯಕ್ಕೆ ಎಡೆಮಾಡುವ ದೋಷವಿದೆಯೆಂದು ತಿಳಿದೂ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 190ರನ್ವಯ ಶಿಕ್ಷಾರ್ಹವಾಗಿದೆ. ಖಾಸಗಿ ಕಾರುಗಳ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸುವಾಗ ಸಹ ದೀಪಗಳ ಸ್ಥಿತಿಯನ್ನು ಪರಿಶೀಲಿಸಲಾಗುತ್ತದೆ.

ಹೆಡ್‌ಲೈಟಿನಲ್ಲಿರುವ ಸೀಲುಗಳು

1. ಹೊರ ಅಂಚಿನ ಗ್ಯಾಸ್ಕೆಟ್ ಅಥವಾ ಬೀಡಿಂಗ್: ಇದು ದೀಪಕ್ಕೂ ಕಾರಿನ ಬಾಡಿಗೂ ನಡುವೆ ಇರುವ ರಬ್ಬರ್ ಪಟ್ಟಿ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ದುಂಡನೆಯ ದೀಪದ ಸುತ್ತ ಇರುವ ಉಂಗುರವೂ ಈ ಬಗೆಯದೇ. ಇದು ನೀರು ಮತ್ತು ಕೆಸರನ್ನು ತಡೆಯುವುದಲ್ಲದೆ ದೀಪದ ಅದುರುವಿಕೆಯನ್ನೂ ತಗ್ಗಿಸುತ್ತದೆ.

2. ಬಲ್ಬಿನ ಹಿಂಬದಿಯ ರಬ್ಬರ್ ಟೋಪಿ: ಬಾನೆಟ್ ತೆರೆದಾಗ ದೀಪದ ಹಿಂದೆ ಕಾಣುವ ದುಂಡನೆಯ ಕಪ್ಪು ರಬ್ಬರ್ ಇದು. ಬಲ್ಬು ಬದಲಾಯಿಸಿದವರು ಇದನ್ನು ಸರಿಯಾಗಿ ಕೂರಿಸದೆ ಬಿಡುವುದೇ ದೀಪದೊಳಗೆ ನೀರು ಸೇರಲು ಒಂದು ಸಾಮಾನ್ಯ ಕಾರಣ.

3. ಗಾಜು ಮತ್ತು ಚಿಪ್ಪಿನ ನಡುವಿನ ಅಂಟು: ಇದು ರಬ್ಬರ್ ಪಟ್ಟಿಯಲ್ಲ, ಕಾರ್ಖಾನೆಯಲ್ಲಿ ತುಂಬಿದ ಮೆತ್ತನೆಯ ಅಂಟು. ಇದು ಬಿಟ್ಟುಕೊಂಡಲ್ಲಿ ಮನೆಯಲ್ಲಿ ದುರಸ್ತಿ ಮಾಡಲು ಮುಂದಾಗದೆ ನುರಿತ ಮೆಕ್ಯಾನಿಕ್‌ರಿಗೆ ತೋರಿಸುವುದು ಸೂಕ್ತ.

ಸೀಲು ಕೆಡಲು ಕಾರಣಗಳು

ಬಿಸಿಲು, ಎಂಜಿನ್ನಿನ ಶಾಖ ಮತ್ತು ಗಾಳಿಯಲ್ಲಿನ ಓಜೋನ್‌ನಿಂದ ರಬ್ಬರ್ ಕಾಲಕ್ರಮೇಣ ಗಡುಸಾಗಿ ಬಿರುಕು ಬಿಡುತ್ತದೆ. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ತಗುಲಿದರೆ ಉಬ್ಬಿ ಸಡಿಲಾಗುತ್ತದೆ. ಸಾಮಾನ್ಯ 60/55 ವಾಟ್ ಬಲ್ಬಿನ ಬದಲು 100 ವಾಟ್‌ನ ಬಲ್ಬನ್ನು ಅಳವಡಿಸಿದಲ್ಲಿ ಅಧಿಕ ಶಾಖದಿಂದ ರಬ್ಬರ್ ಟೋಪಿ ಮತ್ತು ವೈರಿಂಗ್ ಎರಡೂ ಹಾಳಾಗುತ್ತವೆ. ಹಿಂಬದಿಯಲ್ಲಿ ಫ್ಯಾನ್ ಇರುವ ಎಲ್‌ಇಡಿ ಬಲ್ಬು ಕೂರಿಸಲು ರಬ್ಬರ್ ಟೋಪಿಯನ್ನು ಕತ್ತರಿಸುವ ರೂಢಿಯೂ ಇದೆ. ಹೀಗೆ ಕತ್ತರಿಸಿದ ಟೋಪಿಯು ಯಾವ ರಕ್ಷಣೆಯನ್ನೂ ನೀಡಲಾರದು.

ದೋಷವನ್ನು ಗುರುತಿಸುವ ಬಗೆ

ಮಳೆಗಾಲದಲ್ಲಿ ಗಾಜಿನ ಒಳಭಾಗದಲ್ಲಿ ತೆಳುವಾದ ಮಂಜು ಕಾಣಿಸಿಕೊಂಡು, ದೀಪ ಉರಿಸಿದ ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಅದು ದೋಷವಲ್ಲ. ದೀಪದ ಚಿಪ್ಪಿನಲ್ಲಿ ಗಾಳಿಯಾಡಲು ಸಣ್ಣ ರಂಧ್ರಗಳಿದ್ದು, ತೇವವು ಅವುಗಳ ಮೂಲಕ ಹೊರಹೋಗುತ್ತದೆ. ಆದರೆ ನೀರಿನ ಹನಿಗಳು ಇಳಿಯುತ್ತಿದ್ದರೆ, ತಳದಲ್ಲಿ ನೀರು ನಿಂತಿದ್ದರೆ ಅಥವಾ ಒಳಗೆ ಧೂಳಿನ ಪದರ ಕಂಡರೆ ಸೀಲು ಕೆಟ್ಟಿದೆಯೆಂದು ತಿಳಿಯತಕ್ಕದ್ದು.

ಒಳಗಿನ ಪ್ರತಿಫಲಕಕ್ಕೆ ಅತಿ ತೆಳುವಾದ ಅಲ್ಯೂಮಿನಿಯಂ ಲೇಪನವಿರುತ್ತದೆ. ನೀರು ತಾಗಿ ಅದು ಒಮ್ಮೆ ಮಂಕಾದರೆ ಒರೆಸಿ ಸರಿಪಡಿಸಲು ಬಾರದು. ಇಡೀ ದೀಪವನ್ನೇ ಬದಲಾಯಿಸಬೇಕಾಗುತ್ತದೆ. ಬಲ್ಬಿನ ಕಡ್ಡಿಗಳಿಗೆ ಹಸಿರು ಕಿಲುಬು ಹಿಡಿದು ವಿದ್ಯುತ್ ಸರಿಯಾಗಿ ಹರಿಯದೆ ದೀಪ ಮಂದವಾಗುವುದೂ ಉಂಟು. ಗಾಜಿನ ಮೇಲಿನ ಹನಿಗಳು ಬೆಳಕನ್ನು ಅತ್ತಿತ್ತ ಚೆಲ್ಲುವುದರಿಂದ, ಡಿಮ್ ಮಾಡಿದರೂ ಎದುರಿನವರ ಕಣ್ಣು ಕೋರೈಸುತ್ತದೆ.

ಸಡಿಲವಾದ ಸೀಲನ್ನು ಮರಳಿ ಜೋಡಿಸುವ ವಿಧಾನ

1. ಎಂಜಿನ್ ಮತ್ತು ದೀಪಗಳನ್ನು ಆರಿಸಿ, ಬಲ್ಬು ಪೂರ್ಣವಾಗಿ ತಣ್ಣಗಾಗುವವರೆಗೆ ಕಾಯಬೇಕು. ನಂತರ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು.

2. ಬಲ್ಬಿನ ಪ್ಲಗ್ಗನ್ನು ನೇರವಾಗಿ ಹಿಂದಕ್ಕೆ ಎಳೆದು ತೆಗೆಯಬೇಕು. ವೈರನ್ನು ಹಿಡಿದು ಜಗ್ಗಬಾರದು. ರಬ್ಬರ್ ಟೋಪಿಯನ್ನು ಅದರ ಅಂಚಿನಲ್ಲಿರುವ ಕಿವಿಗಳನ್ನು ಹಿಡಿದು ಬಿಡಿಸಬೇಕು.

3. ರಬ್ಬರನ್ನು ಬೆಳಕಿಗೆ ಹಿಡಿದು, ಬಗ್ಗಿಸಿ ನೋಡಬೇಕು. ಬಿರುಕು, ಹರಕು ಅಥವಾ ಗಡುಸುತನವಿದ್ದಲ್ಲಿ ಮರುಜೋಡಣೆ ವ್ಯರ್ಥ. ಹೊಸದನ್ನು ಹಾಕುವುದೇ ಸರಿ. ಮೆತ್ತಗಿದ್ದರೆ ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಬೇಕು.

4. ಟೋಪಿಯ ಮೇಲೆ ಮೇಲ್ಭಾಗವನ್ನು ಸೂಚಿಸುವ ಗುರುತಿದ್ದರೆ ಅದು ಮೇಲಕ್ಕೇ ಬರುವಂತೆ ಇಟ್ಟು, ಒಳ ಅಂಚು ಬಲ್ಬಿನ ಬುಡಕ್ಕೂ ಹೊರ ಅಂಚು ಚಿಪ್ಪಿಗೂ ಬಿಗಿಯಾಗಿ ಕೂರುವಂತೆ ಬೆರಳಿನಿಂದ ಸುತ್ತಲೂ ಒತ್ತಬೇಕು. ಟೋಪಿಗೆ ಅಂಟು ಹಾಕುವ ಅಗತ್ಯವಿಲ್ಲ.

5. ಹೊರ ಅಂಚಿನ ಗ್ಯಾಸ್ಕೆಟ್ ಕಳಚಿದ್ದಲ್ಲಿ, ಹಳೆಯ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಬಳಿಕ ವಾಹನದ ರಬ್ಬರಿಗೆಂದೇ ದೊರೆಯುವ ಅಂಟನ್ನು ಎರಡೂ ಬದಿಗೆ ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಆರಲು ಬಿಟ್ಟು ಒತ್ತಬೇಕು. ಪಟ್ಟಿಯನ್ನು ಎಳೆದು ಅಂಟಿಸಬಾರದು. ಎಳೆದ ರಬ್ಬರ್ ಮತ್ತೆ ಕುಗ್ಗಿ ಮೂಲೆಗಳಲ್ಲಿ ಬಿಟ್ಟುಕೊಳ್ಳುತ್ತದೆ.

ಹೊಸ ಸೀಲು ಹಾಕುವಾಗ

ಕಾರಿನ ಮಾದರಿ ಮತ್ತು ತಯಾರಾದ ವರ್ಷವನ್ನು ತಿಳಿಸಿ, ಸಾಧ್ಯವಾದರೆ ಹಳೆಯ ಸೀಲನ್ನೇ ಅಂಗಡಿಗೆ ಒಯ್ದು ಅಳತೆ ಹೋಲಿಸಿ ಖರೀದಿಸಬೇಕು. ದೀಪದೊಳಗೆ ನೀರಿದ್ದಲ್ಲಿ ಮೊದಲು ಅದನ್ನು ಪೂರ್ಣವಾಗಿ ಒಣಗಿಸತಕ್ಕದ್ದು. ನೀರನ್ನು ಒಳಗೇ ಉಳಿಸಿ ಮುಚ್ಚಿದರೆ ಹಾನಿ ಹೆಚ್ಚುವುದು. ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಗುಲಿದ ಹ್ಯಾಲೋಜೆನ್ ಬಲ್ಬು ಬೇಗ ಕೆಡುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಿಂದ ಒರೆಸಬೇಕು.

ಮಾಡಬಾರದ ಕೆಲಸಗಳು

• ಪೆಟ್ರೋಲ್ ಅಥವಾ ಸೀಮೆಎಣ್ಣೆಯಿಂದ ರಬ್ಬರನ್ನು ತೊಳೆಯಬಾರದು.
• ಹುಳಿ ವಾಸನೆ ಬೀರುವ ಸಿಲಿಕೋನ್ ಅಂಟನ್ನು ದೀಪಕ್ಕೆ ಬಳಸಬಾರದು. ಅದು ಆರುವಾಗ ಹೊರಡುವ ಆಮ್ಲದ ಆವಿಯು ಪ್ರತಿಫಲಕದ ಲೇಪನವನ್ನು ಕೆಡಿಸಬಲ್ಲದು.
• ಗಾಳಿಯಾಡುವ ರಂಧ್ರಗಳನ್ನು ಅಂಟು ಅಥವಾ ಟೇಪಿನಿಂದ ಮುಚ್ಚಬಾರದು.
• ಸರ್ವಿಸ್ ಸ್ಟೇಷನ್‌ನಲ್ಲಿ ಅಧಿಕ ಒತ್ತಡದ ನೀರನ್ನು ಹತ್ತಿರದಿಂದ ದೀಪದ ಅಂಚಿಗೆ ಹಾಯಿಸಲು ಬಿಡಬಾರದು.

ಕೆಲಸದ ನಂತರದ ಪರೀಕ್ಷೆ

ಅಂಟು ಪೂರ್ಣವಾಗಿ ಆರಿದ ಮೇಲೆ, ದೀಪದ ಮೇಲೆ ಕೆಲವು ನಿಮಿಷ ಮಳೆಯಂತೆ ನೀರು ಚಿಮುಕಿಸಿ, ಒಳಗೆ ಹನಿ ಕಾಣುವುದೇ ಎಂದು ನೋಡಬೇಕು. ದೀಪವನ್ನು ಬಿಚ್ಚಿ ಜೋಡಿಸಿದ್ದಲ್ಲಿ ಬೆಳಕಿನ ದಿಕ್ಕನ್ನೂ ಪರೀಕ್ಷಿಸುವುದು ಅವಶ್ಯ. ಇದಕ್ಕಾಗಿ ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಿ ಡಿಮ್ ದೀಪ ಉರಿಸಬೇಕು. ಗೋಡೆಯ ಮೇಲೆ ಬೆಳಕಿನ ಮೇಲಂಚು ದೀಪದ ಮಧ್ಯಭಾಗದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ಹೆಚ್ಚು ವ್ಯತ್ಯಾಸವಿದ್ದಲ್ಲಿ ಗ್ಯಾರೇಜಿನಲ್ಲಿ ಸರಿಪಡಿಸಿಕೊಳ್ಳತಕ್ಕದ್ದು.

ಸಾರ್ವಜನಿಕರಲ್ಲಿ ಮನವಿ

ಮುಂಗಾರು ಆರಂಭಕ್ಕೆ ಮುನ್ನ ಒಮ್ಮೆ, ಅಡಿಕೆ ಕೊಯ್ಲಿನ ಓಡಾಟ ಹೆಚ್ಚುವ ಮುನ್ನ ಮತ್ತೊಮ್ಮೆ ಹೆಡ್‌ಲೈಟುಗಳ ಸೀಲುಗಳನ್ನು ಪರಿಶೀಲಿಸಿಕೊಳ್ಳಬೇಕಾಗಿ ವಾಹನ ಮಾಲೀಕರನ್ನು ಕೋರಲಾಗಿದೆ. ಹಳೆಯ ಕಾರುಗಳನ್ನು ಖರೀದಿಸುವವರು ಎಂಜಿನ್ ಮತ್ತು ಟೈರುಗಳೊಂದಿಗೆ ದೀಪಗಳ ಹಿಂಬದಿಯನ್ನೂ ನೋಡುವುದು ಒಳಿತು. ಅರ್ಧ ಗಂಟೆಯ ಈ ಕೆಲಸದಿಂದ ದೀಪದ ಬೆಲೆಯೂ ಉಳಿಯುವುದು, ರಾತ್ರಿ ವೇಳೆ ರಸ್ತೆಯಲ್ಲಿ ನಡೆಯುವವರ ಜೀವಕ್ಕೂ ರಕ್ಷಣೆ ದೊರೆಯುವುದು.